ಮೂರು ಗ್ಲಾಸು, ನಾಲ್ಕು ಸಾಲು

೧

ನೊರೆಯಿಂದ ಶುರು ಮಾಡಬಾರದು ಅನ್ನುವುದೊಂದು ಮಾತ್ರ ಖಚಿತವಾಗಿತ್ತು. ಬಿಯರಿನ ಬಗ್ಗೆ ಬರೆಯುವವರೆಲ್ಲ ನೊರೆಯಿಂದಲೇ ಶುರು ಮಾಡುತ್ತಾರೆ. ಬಿಸಿಲಿನಿಂದ ಶುರು ಮಾಡೋಣವೆಂದರೆ, ಬೇಸಿಗೆಯ ಕಥೆಗಳಲ್ಲಿ ಅದೂ ಸವೆದುಹೋಗಿದೆ. ಭಾವನ ಮೂಗಿನಿಂದ ಶುರು ಮಾಡಬಹುದಿತ್ತು. ಕಥೆ ಇರುವುದೇ ಅಲ್ಲಿ. ಆದರೆ ಭಾವ ಇದನ್ನು ಓದುತ್ತಾರೆ. ಮೊದಲ ಸಾಲಿನಲ್ಲೇ ತಮ್ಮ ಮೂಗು ಕಂಡರೆ ಎರಡನೇ ಸಾಲಿಗೆ ಬರುವ ಪೈಕಿಯವರಲ್ಲ.

(ಓದುಗರೇ, ನೀವು ಕೂತಿದ್ದೀರಿ ತಾನೇ? ನನಗೆ ಕೂರಲು ಆಗುತ್ತಿಲ್ಲ. ಈ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು, ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಸುಮ್ಮನೆ ನೋಡಿ, ಮುಚ್ಚಿ ಬಂದಿದ್ದೇನೆ.)

ನಿಜ ಹೇಳಬೇಕೆಂದರೆ, ಕಥೆ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಾಟಲಿಯ ಲೇಬಲ್ಲಿಗೆ ನಾಲ್ಕು ಸಾಲು ಬರೆದುಕೊಡು ಅಂದಿದ್ದರು, ಅಷ್ಟೇ. ಮೊದಲ ಸಾಲಿನಲ್ಲಿ ಬಣ್ಣ, ಎರಡನೆಯದರಲ್ಲಿ ವಾಸನೆ, ಮೂರನೆಯದರಲ್ಲಿ ರುಚಿ. ನಾಲ್ಕನೆಯದರಲ್ಲಿ ನಿನ್ನ ಸಾಹಿತ್ಯ ಏನಾದರೂ ಇದ್ದರೆ ಹಾಕಿಕೋ ಎಂದು ಭಾವ ಧಾರಾಳವಾಗಿ ಬಿಟ್ಟುಕೊಟ್ಟಿದ್ದರು. ಒಂದು ತಿಂಗಳಾಯಿತು. ಬಣ್ಣದ ಸಾಲು ಆಗಿದೆ: "ಒಣಹುಲ್ಲಿನ ಬಣ್ಣ." ವಾಸನೆಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಅದು ನಾಲ್ಕು ಸಾಲು ಬಿಟ್ಟು ಉಳಿದದ್ದೆಲ್ಲ ಬರೆಯತೊಡಗಿತು.

೨

ಕಥೆಯಲ್ಲಿ ಮೂರೇ ಜನ: ಅಕ್ಕ, ಭಾವ, ನಾನು. ಇವರಲ್ಲಿ ಅಕ್ಕ ಕಥೆ ನಡೆಯುವ ದಿನ ಊರಲ್ಲಿಲ್ಲ. ನಾನು ಊರಲ್ಲಿದ್ದೂ ಉಪಯೋಗವಾಗಲಿಲ್ಲ.

ಭಾವ ಮೂವತ್ತು ವರ್ಷ ಬಾಯ್ಲರ್ ಮೆಕ್ಯಾನಿಕ್ ಆಗಿದ್ದವರು. (ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತು ಕೆಟ್ಟೆ.) ಅಕ್ಕ ಹಾಲಿನ ಡೇರಿಯ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಹಾಲು, ಮೊಸರು, ಬೆಣ್ಣೆ ಮೂಸಿ ನೋಡಿ ಸಹಿ ಹಾಕಿದವಳು. ಒಂಬತ್ತು ವರ್ಷದ ಹಿಂದೆ ಭಾವ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು, ಮನೆಯ ಹಿಂದಿನ ಎರಡು ಕೋಣೆಯ ಶೆಡ್ಡಿನಲ್ಲಿ ಬಿಯರ್ ಮಾಡುತ್ತೇನೆ ಎಂದರು. ಆರು ತಿಂಗಳಿಗೆ ಅಕ್ಕನೂ ಡೇರಿ ಬಿಟ್ಟಳು. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಮನೆಮಂದಿಯೆಲ್ಲ ಮಾತಾಡಿಕೊಂಡೆವು. ಈಗ ಬೇಸಿಗೆ ಬಂದರೆ ಅದೇ ಮನೆಮಂದಿ ಏನಾದರೊಂದು ನೆಪ ಹಿಡಿದು ಶೆಡ್ಡಿನ ಸುತ್ತ ಸುಳಿದಾಡುತ್ತೇವೆ.

ಬೇಸಿಗೆಗೆ ಅವರು ಮಾಡುವುದು ಒಂದೇ ಬಗೆ, ಜರ್ಮನ್ ಮಾದರಿಯ, ಏಲ್ ಎಂಬ ಜಾತಿಯ ತೆಳು ಬಿಯರು. ಇದರದ್ದು ಎಡಬಿಡಂಗಿ ಸ್ವಭಾವ. ಮೊದಲು ಏಲ್‌ನಂತೆ ಬೆಚ್ಚಗೆ ಹುದುಗುತ್ತದೆ, ಆಮೇಲೆ ಲಾಗರ್ ಎಂಬ ಇನ್ನೊಂದು ಜಾತಿಯಂತೆ ಮೂರು ನಾಲ್ಕು ವಾರ ಕೊರೆಯುವ ಚಳಿಯಲ್ಲಿ ಮಲಗಿರುತ್ತದೆ. ಕುಡಿಯಲು ಹಗುರ. ಮಾಡಲು ಮಾತ್ರ ಮಹಾ ಕಷ್ಟ.

"ಕಪ್ಪು ಬಿಯರಲ್ಲಿ ತಪ್ಪು ಮಾಡಿದ್ರೂ ನಡೆಯುತ್ತೆ ಕಣಯ್ಯ. ಹುರಿದ ವಾಸನೆ ಎಲ್ಲಾನೂ ನುಂಗಿಬಿಡುತ್ತೆ. ಇದರಲ್ಲಿ ತಪ್ಪಿಗೆ ಅಡಗಿಕೊಳ್ಳೋಕೆ ಜಾಗಾನೇ ಇಲ್ಲ" ಎಂದು ಭಾವ ಶೆಡ್ಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಅವರ ಮುಖ ನೋಡಬೇಕು, ಮಗಳು ಫಸ್ಟ್ ಕ್ಲಾಸ್ ಬಂದ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಶೆಡ್ಡಿನ ಮೊದಲ ಕೋಣೆಯಲ್ಲಿ ಟ್ಯಾಂಕು ಮತ್ತು ಅದನ್ನು ತಣ್ಣಗಿಡುವ ಚಿಲ್ಲರ್ ಮಷೀನು. ಎರಡನೆಯದರಲ್ಲಿ ಒಂದು ಮೇಜು, ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಹೊಸ ಬಿಯರು ಹೊರಗೆ ಹೋಗುವ ಮುಂಚೆ ಆ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ಮೂರು ಗ್ಲಾಸು ಕೊಡುತ್ತಾರೆ. ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಹಿಂದಿನ ಸಲದ್ದು. ಬೇರೆ ಯಾವುದು ಎಂದು ಕೂತವರು ಹೇಳಬೇಕು. ಹೇಳಲಾಗದಿದ್ದರೆ ಹೊಸದೂ ಹಳೆಯದರಷ್ಟೇ ಚೆನ್ನಾಗಿದೆ ಎಂದರ್ಥ. ಮೇಜಿನ ಮೇಲೆ ಭಾವನ ದುಂಡು ಅಕ್ಷರದ ಬೋರ್ಡಿದೆ: "ಮಾಡಿದವರು ಕೂರುವಂತಿಲ್ಲ." ತಾನು ಮಾಡಿದ್ದಕ್ಕೆ ತಾನೇ ಮಾರ್ಕು ಹಾಕಿಕೊಳ್ಳಬಾರದು ಅನ್ನುವ ನಿಯಮ. ಒಂಬತ್ತು ವರ್ಷದಲ್ಲಿ ಭಾವ ಒಂದು ಸಲವೂ ಆ ಕುರ್ಚಿಯಲ್ಲಿ ಕೂತಿಲ್ಲ. ಎಂಥ ಪ್ರಾಮಾಣಿಕ ಮನುಷ್ಯ ಎಂದು ನಾವೆಲ್ಲ ಕೊಂಡಾಡಿದ್ದೇವೆ.

೩

ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಕ್ಕನ ಫೋನು. ಅವಳು ಮಗಳ ಬಾಣಂತನಕ್ಕೆಂದು ಹೋಗಿ ನಲವತ್ತು ದಿನವಾಗಿತ್ತು.

"ಇವತ್ತು ಶೆಡ್ಡಿಗೆ ಹೋಗ್ತಿದ್ದೀಯೇನೋ?"

"ಹೂಂ. ಲೇಬಲ್ ಬರೆಯೋಕೆ ರುಚಿ ನೋಡು ಬಾ ಅಂದಿದ್ದಾರೆ."

"ಹಾಗಾದ್ರೆ ಒಂದು ಕೆಲಸ ಮಾಡು. ಬೆಣ್ಣೆ ವಾಸನೆ ಬರ್ತಿದ್ಯಾ ನೋಡು."

"ಬಿಯರಲ್ಲಾ?"

"ಬಿಯರಲ್ಲೇ. ಟಾಕೀಸಲ್ಲಿ ಪಾಪ್‌ಕಾರ್ನ್ ಕೊಡ್ತಾರಲ್ಲ, ಆ ಥರ. ಬಂದ್ರೆ ನಂಗೆ ಮೆಸೇಜ್ ಹಾಕು. ನಿಮ್ಮ ಭಾವಂಗೆ ಮಾತ್ರ ಬಾಯಿ ಬಿಡ್ಬೇಡ."

"ಯಾಕೆ, ಅವರಿಗೇ ಗೊತ್ತಾಗಲ್ವಾ?"

ಆ ಕಡೆ ಮಗು ಅತ್ತಿತು. ಅಕ್ಕ ಅದನ್ನು ಯಾರ ಕೈಗೋ ಕೊಟ್ಟು, ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿದಳು.

"ಗೊತ್ತಾಗಲ್ಲ ಕಣೋ. ಮಿಕ್ಕಿದ್ದೆಲ್ಲ ಗೊತ್ತಾಗುತ್ತೆ, ಅದೊಂದು ಇಲ್ಲ. ಕೆಲವರ ಮೂಗೇ ಹಾಗೆ. ಡೇರಿಲೂ ಇಬ್ಬರಿದ್ರು. ಮೊದಲನೇ ವರ್ಷಾನೇ ಕಂಡುಹಿಡಿದೆ ನಾನು."

"ಒಂಬತ್ತು ವರ್ಷದಿಂದ ಹೇಳಿಲ್ವಾ ನೀನು?"

"ಹೇಗೆ ಹೇಳ್ಲಿ? ಅದಕ್ಕೋಸ್ಕರ ಕೆಲಸ ಬಿಟ್ಟ ಮನುಷ್ಯ. ನಿಮ್ಗೆ ಮೂಗಿಲ್ಲ ಅಂತ ಹೇಗೋ ಹೇಳ್ಲಿ?"

ವಿಷಯ ಇಷ್ಟು. ಹುದುಗುವಾಗ ಬಿಯರಿನಲ್ಲಿ ಒಂದು ಬೆಣ್ಣೆ ವಾಸನೆ ಹುಟ್ಟುತ್ತದೆ. ಹುದುಗು ಮುಗಿಯುತ್ತಾ ಬಂದಾಗ ಒಂದೆರಡು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರಪಟ್ಟು ತಣ್ಣಗೆ ಮಾಡಿದರೆ ವಾಸನೆ ಉಳಿದುಬಿಡುತ್ತದೆ. ಅಕ್ಕ ಪ್ರತಿ ಸಲವೂ ಎಂಟನೇ ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮಷೀನ್ ತೊಳೀಬೇಕು, ನಿಲ್ಲಿಸಿ" ಎನ್ನುತ್ತಿದ್ದಳಂತೆ. ಚಿಲ್ಲರ್ ನಿಲ್ಲುತ್ತಿತ್ತು. ಅವಳು ಎರಡು ದಿನ ಬಕೆಟ್ಟು ಬಟ್ಟೆ ಹಿಡಿದು ಅದನ್ನು ಒರೆಸುತ್ತಾ ಕೂರುತ್ತಿದ್ದಳು. ಟ್ಯಾಂಕು ತನ್ನಷ್ಟಕ್ಕೆ ಬೆಚ್ಚಗಾಗುತ್ತಿತ್ತು.

ಈ ಸಲ ಅಕ್ಕ ಇರಲಿಲ್ಲ. ಅವಳೇ ಬಂದು ತೊಳೆಯಲಿ ಎಂದು ಭಾವ ಮಷೀನು ನಿಲ್ಲಿಸಲೇ ಇಲ್ಲ. ಮತ್ತೆ ಅವತ್ತು ನಾಲ್ಕು ಗಂಟೆಗೆ ದೊಡ್ಡ ಹೋಟೆಲಿನಾಕೆಯ ಗಾಡಿ ಬರುವುದಿತ್ತು, ಹನ್ನೆರಡು ಪೀಪಾಯಿ ಒಯ್ಯಲು. ಆಕೆ ಮೂಗಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೋದ ವರ್ಷ ಬೇರೆ ಯಾರದ್ದೋ ಬಿಯರನ್ನು ಒಂದೇ ಗುಟುಕಿಗೆ ಕೆಳಗಿಟ್ಟು, ಆಮೇಲೆ ಅವರ ಫೋನೇ ಎತ್ತಲಿಲ್ಲ.

೩ (ಮತ್ತೆ)

ಮೇಲಿನ ಭಾಗದ ಮೊದಲ ಕರಡಿನಲ್ಲಿ ಅಕ್ಕನ ಮೌನದ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ತ್ಯಾಗ, ದೀಪ, ಎಣ್ಣೆ ಎಲ್ಲ ಇತ್ತು. ಖುಷಿಪಡುತ್ತಾಳೆ ಎಂದು ಅವಳಿಗೆ ಫೋನಿನಲ್ಲೇ ಓದಿ ಹೇಳಿದೆ.

"ತೆಗಿ ಅದನ್ನ," ಎಂದಳು.

"ಯಾಕಕ್ಕ?"

"ನನ್ನನ್ನ ದೇವತೆ ಮಾಡ್ಬೇಡ. ನಂಗೆ ಅದು ಇಷ್ಟ ಇತ್ತು ಕಣೋ. ಊರೋರೆಲ್ಲ ಅವರನ್ನ ಹೊಗಳೋವಾಗ ನಾನು ಒಳಗೊಳಗೇ ನಗ್ತಿದ್ದೆ. ನಾನಿಲ್ದಿದ್ರೆ ಇದು ನಡೆಯಲ್ಲ ಅನ್ನೋದು ನಂಗೊಬ್ಬಳಿಗೇ ಗೊತ್ತಿತ್ತಲ್ಲ, ಅದು. ಬರಿಯೋದಾದ್ರೆ ಅದನ್ನ ಬರಿ, ಇಲ್ಲಾಂದ್ರೆ ಬಿಡು."

ಒಂದೂವರೆ ಪುಟ ಹರಿದು ಹಾಕಿದೆ. ನನಗೆ ಆ ದೀಪದ ಸಾಲು ಇಷ್ಟವಾಗಿತ್ತು. ಹೋಗಲಿ.

೪

ಶೆಡ್ಡಿಗೆ ಹೋದಾಗ ಹನ್ನೆರಡೂವರೆ. ತಗಡಿನ ಮಾಡು ಕಾದು ಟಪ್ ಟಪ್ ಎನ್ನುತ್ತಿತ್ತು. ಭಾವ ಬನಿಯನ್ನಿನಲ್ಲಿ ನಿಂತು ಪೀಪಾಯಿಗಳನ್ನು ತೊಳೆಯುತ್ತಿದ್ದರು.

"ಬಂದ್ರಾ ಸಾಹಿತಿಗಳು! ಕೂತ್ಕೋ."

ಕೂರಲಿಲ್ಲ. ಭಾವ ಉದ್ದನೆಯ ಕಿರಿದಾದ ಗ್ಲಾಸು ತೊಳೆದು, ಟ್ಯಾಂಕಿನ ನಲ್ಲಿ ತಿರುಗಿಸಿ, ವಾರೆ ಹಿಡಿದು ತುಂಬಿಸಿದರು. ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದು ತಾವೇ ಒಂದು ಕ್ಷಣ ನೋಡಿದರು. ಗ್ಲಾಸಿನ ಆಚೆ ಕಡೆ ಅಂಗಳದಲ್ಲಿ ಒಣಗಲು ಹಾಕಿದ್ದ ಟವೆಲ್ಲಿನ ಗೆರೆಗಳೂ ಕಾಣುವಷ್ಟು ತಿಳಿ.

"ನೋಡು," ಎಂದರು. ಅಷ್ಟೇ ಅಂದದ್ದು.

ನಾನು ಮೂಗಿನ ಹತ್ತಿರ ತಂದೆ. ಬಂತು.

ಅಥವಾ ಬಂತು ಅಂದುಕೊಂಡೆನೋ? ಬೆಳಿಗ್ಗೆಯಿಂದ ತಲೆಯಲ್ಲಿ ಬೆಣ್ಣೆ ತುಂಬಿಕೊಂಡು ಬಂದವನು ನಾನು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲೂ ನನಗೆ ಬೆಣ್ಣೆಯೇ ಬಂದಿತ್ತು. ಒಂದು ಗುಟುಕು ಕುಡಿದೆ. ಗಂಟಲಿಗೆ ತಂಪಾಯಿತು. ಬಾಯಾರಿದವನಿಗೆ ಅದಕ್ಕಿಂತ ಹೆಚ್ಚು ಏನು ತಿಳಿಯುತ್ತದೆ? ಎರಡನೇ ಗುಟುಕಿಗೆ ನಾಲಿಗೆಯ ಮೇಲೆ ಏನೋ ಜಾರಿದಂತಾಯಿತು, ಟಾಕೀಸಿನ ಇಂಟರ್ವಲ್ಲಿನ ನೆನಪಾಯಿತು.

"ಹೇಗಿದೆ?"

"ಚೆನ್ನಾಗಿದೆ ಭಾವ."

"ಚೆನ್ನಾಗಿದೆ ಅಂತ ಲೇಬಲ್ಲಲ್ಲಿ ಹಾಕೋಕಾಗುತ್ತಾ? ವಾಸನೆ ಹೇಳು."

ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ಅಂಗಳಕ್ಕೆ ಬಂದೆ. ಅಕ್ಕನಿಗೆ ಮೆಸೇಜ್ ಹಾಕಿದೆ: "ಬಂದಿದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನು?"

"ಬಂದಿದೆ."

ಆಮೇಲೆ: "ಗಾಡಿಗೆ ಕೊಡೋಕೆ ಬಿಡ್ಬೇಡ. ಮಷೀನ್ ನಿಲ್ಸೋ ಹಾಗೆ ಮಾಡು. ಏನಾದ್ರೂ ಹೇಳು. ಇಷ್ಟು ವರ್ಷ ಕಥೆ ಕಟ್ಟಿದ್ದೀಯಲ್ಲ."

೫

ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಮೊದಲ ಬಾರಿಗೆ ನನ್ನ ಕಥೆಯೊಂದರಿಂದ ಯಾರಿಗಾದರೂ ಪ್ರಯೋಜನ ಆಗುವುದಿತ್ತು. ಆ ದಿನ ನಾನು ಕಟ್ಟಿದ ಕಥೆಗಳ ಗುಣಮಟ್ಟ ನೀವೇ ನೋಡಿ.

"ಭಾವ, ಆ ಮಷೀನು ಏನೋ ಸದ್ದು ಮಾಡ್ತಿದೆಯಲ್ಲ. ಒಂದೆರಡು ದಿನ ನಿಲ್ಲಿಸಿದ್ರೆ ಒಳ್ಳೇದೇನೋ."

ಭಾವ ಚಿಲ್ಲರಿನ ಮೇಲೆ ಅಂಗೈ ಇಟ್ಟು ಆಲಿಸಿದರು. "ಇದು ಅದರ ಉಸಿರಾಟ ಕಣಯ್ಯ. ಸದ್ದು ಮಾಡ್ದೇ ಇದ್ರೆ ಭಯಪಡ್ಬೇಕು."

ಐದು ನಿಮಿಷ ಬಿಟ್ಟು: "ಲೇಬಲ್ ಇನ್ನೂ ಆಗಿಲ್ವಲ್ಲ ಭಾವ, ಮುಂದಿನ ವಾರ ಕಳಿಸಿದ್ರೆ..."

"ಪೀಪಾಯಿಗೆ ಯಾರು ಲೇಬಲ್ ಹಚ್ಚುತ್ತಾರೆ?"

ಮತ್ತೆ ಹತ್ತು ನಿಮಿಷ ಬಿಟ್ಟು: "ಹೋಟೆಲಿನವರ ಗಾಡಿ ಇವತ್ತು ಬರಲ್ಲ ಅಂತ ಯಾರೋ ಅಂದ ಹಾಗಿತ್ತು."

"ಯಾರೋ ಅಂದ್ರೆ ಯಾರು?"

"ಯಾರೋ."

ಭಾವ ಪೈಪು ಕೆಳಗಿಟ್ಟು, ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದರು.

(ಇಲ್ಲಿ ಕಾಗದದ ಮೇಲಿನ ಭಾವ ಬರೆಯುತ್ತಿರುವ ನನ್ನ ಕಡೆಗೂ ತಿರುಗಿದ್ದಾರೆ. "ಇಷ್ಟು ಹೊತ್ತು ನಾನು ಏನೂ ಗೊತ್ತಿಲ್ಲದ ಪೆದ್ದನ ಥರ ನಿಂತಿರ್ಬೇಕಾ?" ಎನ್ನುತ್ತಾರೆ. ಸ್ವಲ್ಪ ತಾಳಿ ಭಾವ, ಅದಕ್ಕೇ ಬರುತ್ತಿದ್ದೇನೆ ಎಂದರೆ, "ನೀನು ಯಾವತ್ತೂ ವಿಷಯಕ್ಕೆ ಬೇಗ ಬರಲ್ಲ" ಎನ್ನುತ್ತಾರೆ. ಕಾಗದದ ಮೇಲೂ ನಾನು ಅವರಿಗೆ ಎದುರಾಡಲಾರೆ.)

"ಬಂದಾಗಿಂದ ಒಂದು ಕಡೆ ಕೂತಿಲ್ಲ ನೀನು," ಎಂದರು ಶೆಡ್ಡಿನ ಭಾವ. "ಬಿಯರಲ್ಲಿ ಏನೋ ಇದೆ. ಹೇಳೋಕೆ ಸಂಕೋಚ ಪಡ್ತಿದ್ದೀಯ. ಬಾ, ಮೂರು ಗ್ಲಾಸು ಇಡ್ತೀನಿ. ಅದರ ಮುಂದೆ ಸಂಕೋಚ ನಡೆಯಲ್ಲ."

೬

ಹಿಂದಿನ ಸಲದ ಒಂದೇ ಒಂದು ಬಾಟಲಿ ಉಳಿದಿತ್ತು. ಅಕ್ಕ ಹೋಗುವ ಮುಂಚೆ ಮಾಡಿದ್ದು, ಫ್ರಿಜ್ಜಿನ ಮೂಲೆಯಲ್ಲಿ. ಭಾವ ಅದನ್ನು ತೆಗೆದುಕೊಂಡು ಮೊದಲ ಕೋಣೆಗೆ ಹೋದರು. ನಾನು ಗೋಡೆಗೆ ಮುಖ ಮಾಡಿ ಕೂತೆ. ಸುಣ್ಣ ಎದ್ದ ಒಂದು ಜಾಗ ಬಿಟ್ಟರೆ ಆ ಗೋಡೆಯಲ್ಲಿ ನೋಡಲು ಏನೂ ಇಲ್ಲ. ಬೇಕೆಂದೇ ಹಾಗಿಟ್ಟಿದ್ದಾರೆ.

ಮೂರು ಗ್ಲಾಸು ಬಂದವು. ತಳದಲ್ಲಿ ಗುರುತಿನ ಚುಕ್ಕೆಗಳಿರುತ್ತವೆ, ಎತ್ತಿ ನೋಡುವಂತಿಲ್ಲ. ಮೂಸಿದೆ. ಮೊದಲನೆಯದು ಬೆಣ್ಣೆ. ಎರಡನೆಯದು ಬೆಣ್ಣೆ. ಮೂರನೆಯದು ಈಗಷ್ಟೇ ಬೆಂದ ಬ್ರೆಡ್ಡಿನ ಅಂಚು. ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಮೂರನೇದು," ಎಂದೆ.

ಭಾವ ಗ್ಲಾಸು ಎತ್ತಿ ತಳ ನೋಡಿದರು. "ಸರಿ," ಎಂದರು. ಆ "ಸರಿ" ಒಂದು ಕ್ಷಣ ತಡವಾಗಿ ಬಂತು. "ಏನು ವ್ಯತ್ಯಾಸ?"

"ಹೊಸದು ಸ್ವಲ್ಪ... ಸುಸ್ತಾದ ಹಾಗಿದೆ."

"ಬಿಯರು ಹೇಗಯ್ಯಾ ಸುಸ್ತಾಗುತ್ತೆ?"

"ಅಂದ್ರೆ, ಒಂಥರಾ ದಪ್ಪ."

"ಯಾವ ಥರ?"

ನಾನು ಸುಣ್ಣ ಎದ್ದ ಜಾಗವನ್ನು ನೋಡುತ್ತಾ ಕೂತೆ. ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಮೇಜಿನ ಮೇಲಿನ ಗ್ಲಾಸುಗಳು ಅದಕ್ಕೆ ತಾಳ ಹಾಕುತ್ತಿದ್ದವು. ಭಾವ ನನ್ನ ಮಂಡಿಯ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದರು.

"ಏಳು," ಎಂದರು. "ನಾನು ಕೂರ್ತೀನಿ."

ನಾನು ಬೋರ್ಡಿನ ಕಡೆ ನೋಡಿದೆ. ಅವರು ನೋಡಲಿಲ್ಲ. ಕುರ್ಚಿ ಎಳೆದು, ಗೋಡೆಗೆ ಮುಖ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಸಲೂನಿನಲ್ಲಿ ಸರದಿ ಬಂದವರಂತೆ ಬೆನ್ನು ನೆಟ್ಟಗಿತ್ತು. ಬನಿಯನ್ನು ಬೆವರಿಗೆ ಅಂಟಿಕೊಂಡಿತ್ತು.

"ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ತಗೊಂಡು ಬಾ," ಎಂದರು.

೭

ನಾನು ಗ್ಲಾಸು ತುಂಬಿಸಲು ಮೊದಲ ಕೋಣೆಗೆ ಹೋಗಿದ್ದೇನೆ. ಭಾವ ಗೋಡೆ ನೋಡುತ್ತಾ ಕೂತಿದ್ದಾರೆ. ಗಾಡಿ ಬರಲು ಒಂದು ಗಂಟೆ ಇಪ್ಪತ್ತು ನಿಮಿಷ ಇದೆ. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಇಲ್ಲೇ ಕಥೆ ನಿಲ್ಲಿಸಿ ಮುಕ್ತಾಯಗಳನ್ನು ನೋಡಿಬಿಡೋಣ.

ಮುಕ್ತಾಯ ಅ. ಭಾವ ತಪ್ಪು ಗ್ಲಾಸು ಮುಟ್ಟುತ್ತಾರೆ. ನಾನು ಎಲ್ಲ ಹೇಳಿಬಿಡುತ್ತೇನೆ. ಅವರು ಶೆಡ್ಡಿಗೆ ಬೀಗ ಹಾಕುತ್ತಾರೆ. ಇದನ್ನು ಬರೆದು ಮುಗಿಸಿ ಅತ್ತೂಬಿಟ್ಟೆ. ಅತ್ತ ಮೇಲೆ ಓದಿದರೆ ಬೀಗದ ಬಗ್ಗೆ ಮೂರು ವಿಶೇಷಣ ಇತ್ತು. ಬೇಡ.

ಮುಕ್ತಾಯ ಆ. ಪೀಪಾಯಿಗಳು ಹೋಗುತ್ತವೆ. ಹೋಟೆಲಿನಾಕೆಗೆ ಬೆಣ್ಣೆಯೇ ಇಷ್ಟವಾಗಿ ಇನ್ನೂ ಇಪ್ಪತ್ತು ಕಳಿಸಿ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನೀವು ನಗುವುದಿಲ್ಲ.

ಮುಕ್ತಾಯ ಇ. ಭಾವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಇದು ಸಿನಿಮಾದವರ ಮುಕ್ತಾಯ, ನೋಡಿದ ಕೂಡಲೇ ಹೊಡೆದು ಹಾಕಿದ್ದೆ. ಆದರೆ ಒಂದು ವಾರದ ಹಿಂದೆ ಹಲ್ಲುಜ್ಜುತ್ತಾ ನಿಂತಿದ್ದಾಗ ಎರಡನೇ ಭಾಗದಲ್ಲಿ ನಾನೇ ಬರೆದದ್ದು ನೆನಪಾಯಿತು. ಮೂವತ್ತು ವರ್ಷ ಬಾಯ್ಲರ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್. ಆರು ವಾರಕ್ಕೊಮ್ಮೆ ಎರಡೆರಡು ದಿನ ನಿಲ್ಲಿಸಿ ಬಕೆಟ್ಟು ನೀರಿನಲ್ಲಿ ತೊಳೆಯಬೇಕಾದ ಚಿಲ್ಲರ್ ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಒಂಬತ್ತು ವರ್ಷ ಹೆಂಡತಿ ಅದನ್ನು ಒರೆಸುವುದನ್ನು ನೋಡುತ್ತಾ ಸುಮ್ಮನಿದ್ದರಲ್ಲ, ಯಾಕೆ? ಆ ಬೋರ್ಡು ಬರೆದದ್ದಾದರೂ ಯಾಕೆ?

("ಗೊತ್ತಿದ್ರೆ ಈ ಸಲ ನಾನೇ ನಿಲ್ಲಿಸ್ತಿರ್ಲಿಲ್ವಾ?" ಎನ್ನುತ್ತಾರೆ ಕಾಗದದ ಭಾವ. ಅದೂ ಸರಿಯೇ. ಅಥವಾ, ನಿಲ್ಲಿಸಿದರೆ ಗೊತ್ತಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲವೋ? ಕೇಳಿದರೆ ಪೈಪು ಎತ್ತಿಕೊಂಡು ಪೀಪಾಯಿ ತೊಳೆಯಲು ಹೋಗುತ್ತಾರೆ. ನಾನು ಸೃಷ್ಟಿಸಿದ ಪಾತ್ರವೇ ನನಗೆ ಉತ್ತರ ಕೊಡುವುದಿಲ್ಲ ಎಂದರೆ ನನ್ನ ಯೋಗ್ಯತೆ ಎಷ್ಟಿರಬೇಕು ನೋಡಿ.)

ಮೂರೂ ಮುಕ್ತಾಯ ಪಕ್ಕಕ್ಕಿರಲಿ. ನಡೆದದ್ದು ಹೇಳುತ್ತೇನೆ.

೮

ನಾನು ಮೂರೂ ಗ್ಲಾಸಿಗೆ ಟ್ಯಾಂಕಿನದ್ದನ್ನೇ ತುಂಬಿಸಿದೆ. ಭಾವ ಯಾವುದನ್ನು ಮುಟ್ಟಿದರೂ "ಸರಿ" ಎಂದುಬಿಡೋಣ, ಅವರ ಮಾನ ಉಳಿಯಲಿ ಎಂಬ ಆಸೆಯಿಂದ. ಅಷ್ಟು ಪ್ರೀತಿ ಆ ಮನುಷ್ಯನ ಮೇಲೆ ನನಗಿತ್ತು.

ಇದು ಸುಳ್ಳು. ಹಿಂದಿನ ಮೂರು ಕರಡುಗಳಲ್ಲಿ ಹೀಗೇ ಬರೆದಿದ್ದೆ, ಓದಿದ ಗೆಳೆಯರು ಮೆಚ್ಚಿಕೊಂಡಿದ್ದರು. ನಡೆದದ್ದು ಬೇರೆ.

ಆ ಅರ್ಧ ಬಾಟಲಿಯನ್ನು ನಾನು ಕುಡಿದುಬಿಟ್ಟಿದ್ದೆ.

ಬೇಕೆಂದು ಅಲ್ಲ. ಏನು ಮಾಡುವುದೆಂದು ಯೋಚಿಸುತ್ತಾ ಕೈಯಲ್ಲಿದ್ದುದನ್ನು ಬಾಯಿಗಿಟ್ಟೆ. ತಗಡಿನ ಕೆಳಗೆ ಮೈ ಬೇಯುತ್ತಿತ್ತು. ಒಂದೇ ಗುಟುಕು ಎಂದುಕೊಂಡೆ. ಮೊದಲು ಬ್ರೆಡ್ಡಿನ ಅಂಚಿನ ವಾಸನೆ, ಅದರ ಹಿಂದೆ ಸೇಬಿನದೋ ಏನೋ ಒಂದು ಹಣ್ಣಿನ ಸುಳಿವು, ಇದೆಯೋ ಇಲ್ಲವೋ ಎನ್ನುವಷ್ಟು. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಚಿಕ್ಕ ಕಹಿ. ಅದೂ ಹೊರಟುಹೋಗಿ ಬಾಯಿ ತೊಳೆದಿಟ್ಟ ಪಾತ್ರೆಯಂತಾಯಿತು. ಏನೂ ಉಳಿಯಲಿಲ್ಲ, ಅದಕ್ಕೇ ಇನ್ನೊಂದು ಗುಟುಕು ಬೇಕಾಯಿತು. ಇದು ಅಕ್ಕ ಬಕೆಟ್ಟು ಹಿಡಿದು ಎರಡು ದಿನ ಕೂತು ಮಾಡಿದ ರುಚಿ ಎಂದು ಹೊಳೆಯಿತು. ಹೊಳೆದದ್ದಕ್ಕೆ ಮತ್ತೊಂದು ಗುಟುಕು. ನೋಡಿದರೆ ಬಾಟಲಿ ಖಾಲಿ.

ನಲವತ್ತಾರು ವರ್ಷದ ಮನುಷ್ಯ, ಒಬ್ಬರ ಒಂಬತ್ತು ವರ್ಷದ ಬದುಕು ಪಕ್ಕದ ಕೋಣೆಯಲ್ಲಿ ಬೆನ್ನು ಮಾಡಿ ಕೂತಿರುವಾಗ, ಸಾಕ್ಷಿಯನ್ನೇ ಕುಡಿದು ಕೂತೆ. ಇನ್ನೇನು ಮಾಡಲು ಸಾಧ್ಯ? ಮೂರಕ್ಕೂ ಟ್ಯಾಂಕಿನದ್ದೇ ತುಂಬಿಸಿದೆ. ಯಾವುದು ಮುಟ್ಟಿದರೂ ಸರಿ ಎನ್ನೋಣ ಅನ್ನುವ ಉಪಾಯ ಆಮೇಲೆ ಹೊಳೆದದ್ದು. ಹಾಗೆ ಸರಿ ಅಂದುಬಿಟ್ಟರೆ ನಾಲ್ಕು ಗಂಟೆಯ ಗಾಡಿಗೆ ಏನು ಹೇಳುವುದೆಂದು ಯೋಚಿಸಿರಲೂ ಇಲ್ಲ.

೯

ಭಾವ ಅವಸರ ಮಾಡಲಿಲ್ಲ. ಮೊದಲನೆಯದನ್ನು ಮೂಸಿದರು, ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು. ನಾನು ಅವರ ಹಿಂದೆ ನಿಂತಿದ್ದೆ. ಅವರ ಕಿವಿಯ ಹಿಂದಿನಿಂದ ಬೆವರು ಇಳಿಯುವುದು ಕಾಣುತ್ತಿತ್ತು. ಯಾವುದಾದರೊಂದನ್ನು ಮುಟ್ಟಿ ಭಾವ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. "ಸರಿ" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಅವರು ಯಾವುದನ್ನೂ ಮುಟ್ಟಲಿಲ್ಲ. ಮೂರೂ ಗ್ಲಾಸನ್ನು ಒಟ್ಟಿಗೆ ಅಂಗೈಯಿಂದ ಮುಂದಕ್ಕೆ ತಳ್ಳಿದರು.

"ನಂಗೆ ಗೊತ್ತಾಗಲ್ಲ ಕಣೋ," ಎಂದರು.

ಗೊತ್ತಾಗಲಿಲ್ಲ ಎನ್ನಲಿಲ್ಲ. ಯಾವತ್ತೂ ನನ್ನನ್ನು "ಕಣೋ" ಎಂದವರಲ್ಲ. ಆ ಒಂದು ಉತ್ತರಕ್ಕೆ ಮಾತ್ರ ನಾನು ಸಿದ್ಧನಿರಲಿಲ್ಲ.

ಅವರು ಎದ್ದು ಮೊದಲ ಕೋಣೆಗೆ ಹೋದರು. ಖಟ್ ಎಂದು ಸ್ವಿಚ್ಚಿನ ಸದ್ದು. ಚಿಲ್ಲರ್ ಒಂದು ಸಲ ನಡುಗಿ ನಿಂತಿತು. ಇಡೀ ಶೆಡ್ಡು ಮೌನವಾದಾಗ ಅಂಗಳದಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಭಾವ ಹೋಟೆಲಿನಾಕೆಗೆ ಫೋನು ಮಾಡಿ, "ಇನ್ನೂ ಆಗಿಲ್ಲಮ್ಮ, ಗಾಡಿ ಕಳಿಸ್ಬೇಡಿ. ನನ್ನ ಅವಸರದಿಂದ ಆದ ತಪ್ಪು" ಎಂದರು. ಒಂದು ವಾರ ತಡವಾದರೂ ಪರವಾಗಿಲ್ಲ ಎಂದು ಆಕೆ ಎಷ್ಟು ಸುಲಭವಾಗಿ ಹೇಳಿದಳೆಂದರೆ, ಬೆಳಿಗ್ಗೆಯಿಂದ ನಾನು ಪಟ್ಟ ಪಾಡಿಗೆ ನನಗೇ ನಾಚಿಕೆಯಾಯಿತು.

ಆಮೇಲೆ ಅಕ್ಕನಿಗೆ ಫೋನು ಮಾಡಿದರು. ಕೈ ಒದ್ದೆಯಿದ್ದುದರಿಂದ ಫೋನನ್ನು ಪೀಪಾಯಿಯ ಮೇಲಿಟ್ಟು ಸ್ಪೀಕರ್ ಹಾಕಿದರು.

"ಊಟ ಆಯ್ತಾ?" ಎಂದಳು ಅಕ್ಕ.

"ಆಯ್ತು. ಮಗು?"

"ಈಗಷ್ಟೇ ಮಲಗ್ತು. ಏನು, ಈ ಹೊತ್ತಲ್ಲಿ?"

ಭಾವ ನಿಂತುಹೋದ ಮಷೀನಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು.

"ಮಷೀನು ಎಷ್ಟು ದಿನ ತೊಳೀತಿದ್ದೆ ನೀನು?"

ಅಕ್ಕ ಮಾತಾಡಿದಳು. ನಾನು ಅಲ್ಲೇ ಇದ್ದೆ, ಸ್ಪೀಕರ್ ಹಾಕಿತ್ತು, ಒಂದೊಂದು ಅಕ್ಷರವೂ ಕೇಳಿಸಿತು. ಬರೆಯುವುದಿಲ್ಲ. ಇಷ್ಟು ದೂರ ಬಂದ ಮೇಲೆ ಹೀಗೆ ಮಾಡುವುದು ಮೋಸ ಎಂದು ನೀವು ಬೈಯಬಹುದು. ಬೈಯಿರಿ. ಒಂಬತ್ತು ವರ್ಷ ಇಬ್ಬರೂ ಮುಚ್ಚಿಟ್ಟುಕೊಂಡದ್ದನ್ನು ನಾನು ಒಂದು ಸಾಲಿನಲ್ಲಿ ನಿಮ್ಮ ಮುಂದೆ ಹರಡಲಾರೆ. ಅವತ್ತು ನಾನು ಅಂಗಳಕ್ಕೆ ಬಂದು ಟವೆಲ್ಲು ಮಡಚಿದೆ. ಅದು ಒಣಗಿರಲೂ ಇಲ್ಲ.

೧೦ (ಅಥವಾ ೮ನ್ನು ಏನು ಮಾಡಲಿ)

ಬಿಯರು ಸರಿಹೋಯಿತು. ವಾರ ಬಿಟ್ಟು ಪೀಪಾಯಿಗಳು ಹೋದವು. ಅಕ್ಕ ಬಂದಿದ್ದಾಳೆ. ಬೋರ್ಡು ಇನ್ನೂ ಅಲ್ಲೇ ಇದೆ, ಯಾರೂ ತೆಗೆದಿಲ್ಲ, ಯಾರೂ ಅದರ ಮಾತೆತ್ತಿಲ್ಲ. ಕಥೆ ಬೇಕಾದರೆ ಇಲ್ಲಿ ಮುಗಿಯಬಹುದಿತ್ತು.

ಆದರೆ ಎಂಟನೇ ಭಾಗದಲ್ಲಿ ನಡೆದದ್ದು ಪೂರ್ತಿಯಾಗಿ ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಹೇಳಿಲ್ಲ. ಆ ಮೂರು ಗ್ಲಾಸಿನಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಮೂಸಿದ ಮೂಗಿಗೂ ಆಗುತ್ತಿರಲಿಲ್ಲ. ಇಲ್ಲದ ವ್ಯತ್ಯಾಸವನ್ನು ಹುಡುಕಿ ಸೋತು, ಆ ಮನುಷ್ಯ ತನ್ನ ಒಂಬತ್ತು ವರ್ಷವನ್ನು ಮುಂದಕ್ಕೆ ತಳ್ಳಿಬಿಟ್ಟರು. ಇದನ್ನು ಓದಿದರೆ ಅವರಿಗೆ ಏನನ್ನಿಸುತ್ತದೆ? ಒಪ್ಪಿಕೊಳ್ಳುವ ಅಗತ್ಯವೇ ಇರಲಿಲ್ಲ ಎಂದೇ? ಅಥವಾ ಬಾಯಾರಿದ ಬಾಮೈದನ ದಯೆಯಿಂದ ಒಂದು ಹೊರೆ ಇಳಿಯಿತು ಎಂದೇ? ಎಂಟನೇ ಭಾಗದ ಹಾಳೆಗಳನ್ನು ಬೆಳಿಗ್ಗೆಯಿಂದ ಮೂರು ಸಲ ಹೊರಗೆ ತೆಗೆದಿದ್ದೇನೆ, ಮೂರು ಸಲ ಒಳಗೆ ಸೇರಿಸಿದ್ದೇನೆ. ಈಗ ಹೊರಗಿದೆ.

ಗೇಟಿನ ಸದ್ದಾಯಿತು. ಭಾವ ಹೆಗಲ ಮೇಲೆ ಒಂದು ಕ್ರೇಟು ಹೊತ್ತು ಬರುತ್ತಿದ್ದಾರೆ. ಬಾಟಲಿಗಳಿಗೆ ಲೇಬಲ್ಲಿಲ್ಲ.

"ಮುಗೀತಾ ಸಾಹಿತಿಗಳೇ?"

ಹಾಳೆಗಳನ್ನು ಮತ್ತೆ ಒಳಗೆ ಸೇರಿಸಿದೆ.

"ಇಲ್ಲ ಭಾವ," ಎಂದೆ. "ಬನ್ನಿ, ಕೂತ್ಕೊಳ್ಳಿ."